ಐ3 ಕೊಳ್ಳಲೇ, ರೈಜನ್ 5 ಕೊಳ್ಳಲೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಡಿಮೆ ಬೆಲೆಯ ಪ್ರೊಸೆಸರ್ ಆರಿಸುವ ಬಗ್ಗೆ ಬಂದ ಪ್ರಶ್ನೆಗಳನ್ನೇ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರು ಕೇಳಿದ್ದು ಒಂದೇ ಜೋಡಿಯ ಬಗ್ಗೆ. ಹಾಗಾಗಿ ಮೊದಲ ಉತ್ತರ ಉಳಿದವಕ್ಕಿಂತ ಉದ್ದವಾಗಿದೆ.

ಪ್ರಶ್ನೆ: ಮಗ ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷದಲ್ಲಿದ್ದಾನೆ. ಅವನಿಗೊಂದು ಕಂಪ್ಯೂಟರ್ ಅಸೆಂಬಲ್ ಮಾಡಿಸಬೇಕು. ಅಂಗಡಿಯವರು ಇಂಟೆಲ್ ಕೋರ್ ಐ3-12100ಎಫ್ ತೆಗೆದುಕೊಳ್ಳಿ ಎನ್ನುತ್ತಾರೆ, ಮಗ ಎಎಂಡಿ ರೈಜನ್ 5 5500 ಬೇಕು ಎನ್ನುತ್ತಾನೆ. ದರದಲ್ಲಿ ಅಂಥ ವ್ಯತ್ಯಾಸವಿಲ್ಲ. ಅಣ್ಣನ ಮನೆಯಲ್ಲಿ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಇದೆ, ಅದು ಸಿಗುತ್ತದೆ. ಯಾವುದು ಸರಿ?
— ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಮಗ ಹೇಳಿದ್ದೇ ಸರಿ, 5500 ತೆಗೆದುಕೊಳ್ಳಿ. ಆದರೆ ಏಕೆ ಸರಿ ಎಂಬುದನ್ನು ತಿಳಿದುಕೊಂಡು ಕೊಳ್ಳುವುದು ಒಳ್ಳೆಯದು. ಮಾಡುವ ಕೆಲಸ ಬೇರೆಯಾಗಿದ್ದರೆ ಅಂಗಡಿಯವರ ಮಾತೇ ಸರಿಯಾಗುತ್ತಿತ್ತು.

ಎರಡೂ 2022ರಲ್ಲಿ ಬಂದವು. ಐ3 ಜನವರಿಯಲ್ಲಿ ಬಂತು, 5500 ಏಪ್ರಿಲ್‌ನಲ್ಲಿ. 12100ಎಫ್‌ನಲ್ಲಿ 4 ಕೋರ್ (ಕೆಲಸ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ), 12 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇವೆ, ವೇಗ 4.3 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. 5500ರಲ್ಲಿ 6 ಕೋರ್, 12 ಥ್ರೆಡ್, 16 ಎಂಬಿ ಕ್ಯಾಶ್, ವೇಗ 4.2ರವರೆಗೆ. ಗಿಗಾಹರ್ಟ್ಸ್ ಎರಡಕ್ಕೂ ಹೆಚ್ಚುಕಡಿಮೆ ಸಮ ಎಂದು ಕೋರ್‌ಗಳ ಶಕ್ತಿಯೂ ಸಮ ಎಂದುಕೊಳ್ಳಬೇಡಿ. ಐ3ಯ ಒಂದು ಕೋರ್ ಅಷ್ಟೇ ಗಿಗಾಹರ್ಟ್ಸ್‌ನಲ್ಲಿ ಹೆಚ್ಚು ಕೆಲಸ ಮಾಡಿ ಮುಗಿಸುತ್ತದೆ. ಒಂದೇ ಕೋರ್ ಮೇಲೆ ಭಾರ ಬೀಳುವ ಕೆಲಸದಲ್ಲಿ ಐ3 ಸುಮಾರು ಶೇ. 20ರಷ್ಟು ಮುಂದೆ ಇರುತ್ತದೆ. ಎಲ್ಲ ಕೋರ್‌ಗಳೂ ದುಡಿಯುವ ಕೆಲಸ ಬಂತೆಂದರೆ 5500 ಸುಮಾರು ಶೇ. 25ರಷ್ಟು ಮುಂದೆ ಹೋಗುತ್ತದೆ. 5500 ಹತ್ತು ನಿಮಿಷದಲ್ಲಿ ಮುಗಿಸುವ ವಿಡಿಯೊ ರೆಂಡರ್‌ಗೆ ಐ3ಗೆ ಹನ್ನೆರಡೂವರೆ ನಿಮಿಷ ಬೇಕು.

ಈಗ ನಿಮ್ಮ ಮಗನ ಕೆಲಸ ನೋಡೋಣ. ಮೊಬೈಲ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ ಅಂದರೆ ಹಿಂದೆ ಎಮ್ಯುಲೇಟರ್ (ಪರದೆಯ ಮೇಲಿನ ಅಣಕು ಫೋನ್) ಓಡುತ್ತಿರುತ್ತದೆ, ಮುಂದೆ ಕೋಡ್ ಬಿಲ್ಡ್ ಆಗುತ್ತಿರುತ್ತದೆ, ಪಕ್ಕದಲ್ಲಿ ಬ್ರೌಸರ್‌ನ ಇಪ್ಪತ್ತು ಟ್ಯಾಬ್ ತೆರೆದಿರುತ್ತವೆ. ಲಿನಕ್ಸ್ ಕಲಿಯಲು ವರ್ಚುವಲ್ ಮಷೀನ್ ಹಾಕಿದರೆ ಅದಕ್ಕೆಂದೇ ಎರಡು ಕೋರ್ ಎತ್ತಿಡಬೇಕು. ನಾಲ್ಕರಲ್ಲಿ ಎರಡು ಕೊಟ್ಟರೆ ಉಳಿಯುವುದು ಎರಡೇ, ಆರರಲ್ಲಿ ಎರಡು ಕೊಟ್ಟರೂ ನಾಲ್ಕು ಕೈಯಲ್ಲಿರುತ್ತವೆ. ಈ ಕೆಲಸಕ್ಕೆ ಕೋರ್ ಎಣಿಕೆಯೇ ಮುಖ್ಯ. ರ‍್ಯಾಮ್ 16 ಜಿಬಿಗೆ ಕಡಿಮೆ ಬೇಡ. ಅದನ್ನೂ ಒಂದೇ 16ರ ಕಡ್ಡಿ ಹಾಕದೆ 8+8 ಎಂದು ಎರಡು ಕಡ್ಡಿಗಳಲ್ಲಿ ಹಾಕಿಸಿ.

ಬರೀ ಗೇಮ್ ಆಗಿದ್ದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತಿತ್ತು. ಎಷ್ಟೋ ಗೇಮ್‌ಗಳಲ್ಲಿ 12100ಎಫ್ 5500ಕ್ಕೆ ಸಮ ಬರುತ್ತದೆ, ಕೆಲವದರಲ್ಲಿ ದಾಟಿಯೂ ಹೋಗುತ್ತದೆ. ಒಂದೊಂದು ಕೋರ್‌ನ ಶಕ್ತಿ ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಕಾರ್ಡ್ ಕೂರುವ ಸ್ಲಾಟ್, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

5500ರ ಒಳಗಿರುವುದು ಗ್ರಾಫಿಕ್ಸ್ ಇರುವ 5600ಜಿಯ ಚಿಪ್ಪೇ, ಗ್ರಾಫಿಕ್ಸ್ ಭಾಗವನ್ನು ಮುಚ್ಚಿ ಮಾರುತ್ತಾರೆ. ಆ ಚಿಪ್‌ಗೆ ಪಿಸಿಐಇ (ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ದಾರಿ) 3.0 ಅಷ್ಟೇ ಗೊತ್ತು. ಐ3ಗೆ 4.0 ಗೊತ್ತು, 5.0 ಕೂಡ ಗೊತ್ತು. ದೊಡ್ಡ ಕಾರ್ಡ್‌ಗಳು ಆ ದಾರಿಯ 16 ಲೇನ್ ಬಳಸುವುದರಿಂದ ಅವಕ್ಕೆ ತೊಂದರೆಯಿಲ್ಲ. ಅಗ್ಗದ ಕಾರ್ಡ್‌ಗಳಲ್ಲಿ ಲೇನ್ ಕಡಿಮೆ. ಆರ್‌ಎಕ್ಸ್ 6600ರಲ್ಲಿ ಇರುವುದು 8 ಲೇನ್. 4.0ರಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 16 ಜಿಬಿ ದಾರಿ ಸಿಗುತ್ತದೆ, 3.0ರಲ್ಲಿ ಸುಮಾರು 8 ಜಿಬಿ. ಕಾರ್ಡಿನ ಸ್ವಂತ 8 ಜಿಬಿ ಮೆಮೊರಿ ತುಂಬುವವರೆಗೆ ಆ 8 ಸಾಕು, ಗೇಮ್‌ನಲ್ಲಿ ಕಳೆದುಕೊಳ್ಳುವುದು ಅಲ್ಪ. ಹಾಗಾಗಿ ನಿಮಗೆ ಚಿಂತೆಯಿಲ್ಲ. ಆದರೆ ಕಾರ್ಡ್ ಆರ್‌ಎಕ್ಸ್ 6500 ಎಕ್ಸ್‌ಟಿ ಆಗಿದ್ದರೆ 5500 ಬೇಡವೇ ಬೇಡ ಎನ್ನುತ್ತಿದ್ದೆವು. ಅದರಲ್ಲಿ 4 ಲೇನ್, 4 ಜಿಬಿ ಮೆಮೊರಿ. 3.0 ಸ್ಲಾಟ್‌ಗೆ ಹಾಕಿದರೆ ದಾರಿ ಸೆಕೆಂಡಿಗೆ 4 ಜಿಬಿಗಿಂತ ಕೆಳಗೆ ಇಳಿಯುತ್ತದೆ. ಮೆಮೊರಿ ಬೇಗ ತುಂಬುತ್ತದೆ, ಗೇಮ್ ಕಣ್ಣೆದುರೇ ತಡವರಿಸುತ್ತದೆ.

ಈ ವಿಷಯದಲ್ಲಿ ಜನ ಹಣ ಕಳೆದುಕೊಳ್ಳುವ ಒಂದು ಜಾಗವಿದೆ. "ಬಿ550 ಬೋರ್ಡ್ ಹಾಕಿಸಿ, 4.0 ಬರುತ್ತೆ" ಎಂದು ಹೇಳುವವರಿದ್ದಾರೆ. (ಬಿ550, ಎ520, ಎಚ್610 ಇವು ಮದರ್‌ಬೋರ್ಡ್ ಬಗೆಗಳ ಹೆಸರು, ಮೊದಲೆರಡು ಎಎಂಡಿಗೆ, ಕೊನೆಯದು ಇಂಟೆಲ್‌ಗೆ.) 5500ರ ಜೊತೆ ಬರುವುದಿಲ್ಲ. ಮಿತಿ ಪ್ರೊಸೆಸರ್‌ನದು, ಬೋರ್ಡ್ ಬದಲಿಸಿದರೆ ಅದು ಹೋಗುವುದಿಲ್ಲ. ಎನ್‌ವಿಎಂಇ ಎಸ್‌ಎಸ್‌ಡಿ ಕೂಡ 3.0 ವೇಗದಲ್ಲೇ, ಸೆಕೆಂಡಿಗೆ 3,500 ಎಂಬಿ ಆಸುಪಾಸಿನಲ್ಲೇ ಓಡುತ್ತದೆ. ಐ3ಯನ್ನು ಅಗ್ಗದ ಎಚ್610 ಬೋರ್ಡ್‌ನಲ್ಲಿ ಹಾಕಿದರೂ ಎಸ್‌ಎಸ್‌ಡಿಗೆ ಅಷ್ಟೇ ಸಿಗುತ್ತದೆ, ಏಕೆಂದರೆ ಆ ಚಿಪ್‌ಸೆಟ್ ಕೊಡುವ ಲೇನ್‌ಗಳೂ 3.0. ದಿನಬಳಕೆಯಲ್ಲಿ ಇದು ಗಮನಕ್ಕೂ ಬರುವುದಿಲ್ಲ. 5500ಕ್ಕೆ ಒಳ್ಳೆಯ ಎ520 ಬೋರ್ಡ್ ಸಾಕು. ಮುಂದೆ ಎಂಟು ಕೋರ್‌ನ ಪ್ರೊಸೆಸರ್ ಹಾಕುವ ಯೋಚನೆ ಇದ್ದರೆ ಮಾತ್ರ ಬಿ550ಗೆ ಹೆಚ್ಚು ಹಣ ಕೊಡಿ.

ಬೆಲೆಯ ಲೆಕ್ಕ ಹಾಕುವಾಗ ಪ್ರೊಸೆಸರ್ ದರವನ್ನು ಪ್ರೊಸೆಸರ್ ದರದ ಪಕ್ಕದಲ್ಲಿ ಬರೆದರೆ ಮೋಸ ಹೋಗುತ್ತೀರಿ. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಕೂಡಿಸಿ ಬರೆಯಿರಿ. ಲೆಕ್ಕ ತಿಳಿಯಲೆಂದು ಹಿಡಿದ ಅಂಕಿಗಳಿವು, ಇಂದಿನ ದರವಲ್ಲ: ಐ3ಗೆ 7,500, ಎಚ್610 ಬೋರ್ಡ್‌ಗೆ 6,500, ಒಟ್ಟು 14,000. 5500ಕ್ಕೆ 8,500, ಎ520ಗೆ 5,000, ಒಟ್ಟು 13,500. ಪ್ರೊಸೆಸರ್ ಒಂದನ್ನೇ ನೋಡಿದರೆ ಐ3 ಸಾವಿರ ಅಗ್ಗ, ಬೋರ್ಡ್ ಸೇರಿಸಿದರೆ ಐನೂರು ದುಬಾರಿ. ಇನ್ನು ಇಡೀ ಕಂಪ್ಯೂಟರ್‌ಗೆ 45,000 ಆಗುತ್ತದೆ ಎಂದಿಟ್ಟುಕೊಂಡರೆ ಈ ಐನೂರು ಶೇ. 1ರಷ್ಟು ಮಾತ್ರ. ಶೇ. 1 ಹೆಚ್ಚು ಕೊಟ್ಟು ವೇಗವನ್ನೂ ಬಿಟ್ಟುಕೊಡುವ ವ್ಯಾಪಾರ ಯಾವತ್ತೂ ಬೇಡ.

ಅಂಗಡಿಗೆ ಹೋಗುವ ಮೊದಲು ಇನ್ನೊಂದು ದರ ಕೇಳಿ: ರೈಜನ್ 5 5600. ಹೆಸರಿನಲ್ಲಿ ನೂರು ಹೆಚ್ಚು, ಒಳಗಿನ ಚಿಪ್ ಬೇರೆಯೇ. ಎಲ್3 ಕ್ಯಾಶ್ 32 ಎಂಬಿ, ಅಂದರೆ ನೇರ ಎರಡು ಪಟ್ಟು, ಪಿಸಿಐಇ 4.0 (ಬೋರ್ಡ್ ಕೂಡ 4.0 ಕೊಡುವುದಾದರೆ), ವೇಗ 4.4ರವರೆಗೆ. ಗೇಮ್‌ನಲ್ಲೂ ಬಿಲ್ಡ್‌ನಲ್ಲೂ ಇವೆರಡನ್ನೂ ಹಿಂದಿಕ್ಕುತ್ತದೆ. ಒಂದೂವರೆ ಸಾವಿರದೊಳಗಿನ ಅಂತರವಿದ್ದರೆ 5600 ತೆಗೆದುಕೊಳ್ಳಿ. ಅದಕ್ಕಿಂತ ಹೆಚ್ಚಿದ್ದರೆ ಆ ಹಣ ರ‍್ಯಾಮ್‌ಗೆ ಹೋಗಲಿ.

ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇವೆ. 5500 ಸುಮಾರು 65 ವಾಟ್, ಆರ್‌ಎಕ್ಸ್ 6600 ಸುಮಾರು 132 ವಾಟ್. ಹೆಸರಾಂತ ಕಂಪನಿಯ 450 ವಾಟ್‌ನ, 80 ಪ್ಲಸ್ ಬ್ರಾಂಜ್ (ದಕ್ಷತೆಯ ಗುರುತು) ಇರುವ ಎಸ್‌ಎಂಪಿಎಸ್ ಸಾಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನು ಹಾಕಿಸಬೇಡಿ. ಅದು ಕೆಡುವಾಗ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ಪ್ರಶ್ನೆ: ಡಿಟಿಪಿ ಮತ್ತು ಟ್ಯಾಲಿ ಕೆಲಸಕ್ಕೆ ಎರಡು ಕಂಪ್ಯೂಟರ್ ಬೇಕು. ಗ್ರಾಫಿಕ್ಸ್ ಕಾರ್ಡ್ ಹಾಕುವುದಿಲ್ಲ. ಐ3-12100 ಅಥವಾ ರೈಜನ್ 5 5600ಜಿ, ಯಾವುದು ಲಾಭ?
— ಶಿವಮೊಗ್ಗದ ಓದುಗರು

ಉತ್ತರ: ಐ3-12100. ಕೊನೆಯಲ್ಲಿ "ಎಫ್" ಇಲ್ಲದ್ದು, ಇದನ್ನು ಬಿಲ್ ಮೇಲೂ ನೋಡಿಕೊಳ್ಳಿ. ಟ್ಯಾಲಿ, ನುಡಿ, ಬರಹ, ಪುಟವಿನ್ಯಾಸ, ಫೋಟೊಶಾಪ್‌ನ ದಿನನಿತ್ಯದ ಕೆಲಸ, ಇವೆಲ್ಲ ಹೆಚ್ಚಾಗಿ ಒಂದೆರಡು ಕೋರ್ ಮೇಲೇ ನಡೆಯುವುವು. ಅಲ್ಲಿ ಐ3ಯ ಕೋರ್ ಚುರುಕು. ಅದರೊಳಗಿನ ಯುಎಚ್‌ಡಿ 730 ಗ್ರಾಫಿಕ್ಸ್ ಗೇಮ್‌ಗೆ ಸಾಲದು, ಆದರೆ ಎವಿ1 (ವಿಡಿಯೊ ಕುಗ್ಗಿಸಿಡುವ ಒಂದು ಹೊಸ ವಿಧಾನ) ವಿಡಿಯೊವನ್ನು ತಾನೇ ಬಿಡಿಸುತ್ತದೆ. 5600ಜಿಯ ವೇಗಾ ಗ್ರಾಫಿಕ್ಸ್‌ಗೆ ಎವಿ1 ಬರುವುದಿಲ್ಲ, ಆ ಭಾರ ಪ್ರೊಸೆಸರ್ ಕೋರ್‌ಗಳ ಮೇಲೆ ಬೀಳುತ್ತದೆ.

5600ಜಿ ಕೊಳ್ಳಬೇಕಾದವರು ಬೇರೆ. ಕಾರ್ಡ್ ಕೊಳ್ಳಲು ಸದ್ಯ ಹಣವಿಲ್ಲ, ಮಕ್ಕಳು ಅಲ್ಪಸ್ವಲ್ಪ ಗೇಮ್ ಆಡುತ್ತಾರೆ, ಆಗಾಗ ವಿಡಿಯೊ ಎಡಿಟ್ ಮಾಡುತ್ತಾರೆ ಅನ್ನುವ ಮನೆಗೆ ಅದೇ ಸರಿ. ಅಂಥವರು ರ‍್ಯಾಮ್ ಅನ್ನು ಕಡ್ಡಾಯವಾಗಿ ಎರಡು ಕಡ್ಡಿಯಲ್ಲಿ ಹಾಕಬೇಕು. ಒಳಗಿನ ಗ್ರಾಫಿಕ್ಸ್ ಬಳಸುವುದು ಕಂಪ್ಯೂಟರ್‌ನ ರ‍್ಯಾಮನ್ನೇ. ಒಂದೇ ಕಡ್ಡಿ ಇದ್ದರೆ ಅದಕ್ಕೆ ಸಿಗುವ ದಾರಿ ಅರ್ಧವಾಗುತ್ತದೆ, ಆಟವೂ ಹಾಗೇ ಕುಂಟುತ್ತದೆ. ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ ಬೋರ್ಡ್‌ನ ಸಾಫ್ಟ್‌ವೇರ್) ಯುಎಂಎ ಫ್ರೇಮ್ ಬಫರ್ ಎಂಬ ಆಯ್ಕೆ ಹುಡುಕಿ 2 ಜಿಬಿ ಕೊಡಿ. 16 ಜಿಬಿಯಲ್ಲಿ ಆ 2 ಕಳೆದು ಉಳಿದದ್ದು ವಿಂಡೋಸ್‌ಗೆ.

ಎರಡೂ ಕಂಪ್ಯೂಟರ್‌ಗೆ ಎಚ್610 ಬೋರ್ಡ್ ಸಾಕು. ಆದರೆ ಅದೇ ಹೆಸರಿನ ಬೋರ್ಡ್ ಡಿಡಿಆರ್4ಕ್ಕೂ ಬರುತ್ತದೆ, ಡಿಡಿಆರ್5ಕ್ಕೂ ಬರುತ್ತದೆ. ಸ್ಲಾಟ್‌ನ ನಡುವಿನ ಗುರುತು ಎರಡರಲ್ಲೂ ಬೇರೆ ಬೇರೆ ಕಡೆ ಇರುವುದರಿಂದ ಒಂದರ ಕಡ್ಡಿ ಇನ್ನೊಂದರಲ್ಲಿ ಕೂರುವುದಿಲ್ಲ. ಡಿಡಿಆರ್4 ಬೋರ್ಡ್‌ಗಳ ಮಾದರಿ ಹೆಸರಿನಲ್ಲಿ ಹಲವು ಕಂಪನಿಗಳು "ಡಿ4" ಎಂದು ಸೇರಿಸುತ್ತವೆ. ರ‍್ಯಾಮ್ ಬಿಲ್ ಮಾಡಿಸುವ ಮೊದಲು ಬೋರ್ಡ್ ಡಬ್ಬಿಯ ಮೇಲೆ ಅದನ್ನು ಓದಿಕೊಳ್ಳಿ.

ಪ್ರಶ್ನೆ: ಹೊಸ ಕಂಪ್ಯೂಟರ್ ನಾವೇ ಜೋಡಿಸಿದೆವು. ರೈಜನ್ 5 5500, ಎ520 ಬೋರ್ಡ್, 8+8 ರ‍್ಯಾಮ್. ಕಾರ್ಡ್ ಮುಂದಿನ ತಿಂಗಳು ಕೊಳ್ಳೋಣ ಎಂದುಕೊಂಡಿದ್ದೆವು. ಫ್ಯಾನ್ ತಿರುಗುತ್ತದೆ, ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಎಚ್‌ಡಿಎಂಐ ಬೋರ್ಡ್‌ಗೇ ಕೊಟ್ಟಿದ್ದೇವೆ. ಅಂಗಡಿಯವರು ಬೋರ್ಡ್ ಕೆಟ್ಟಿದೆ, ಬದಲಿಸಬೇಕು ಎನ್ನುತ್ತಾರೆ.
— ಹೊಸಪೇಟೆಯ ಓದುಗರು

ಉತ್ತರ: ಬೋರ್ಡ್ ಕೆಟ್ಟಿದೆ ಎಂದು ಈಗಲೇ ಒಪ್ಪಿಕೊಳ್ಳಬೇಡಿ. 5500ರಲ್ಲಿ ಗ್ರಾಫಿಕ್ಸ್ ಇಲ್ಲ. ಇಂಟೆಲ್‌ನವರು "ಎಫ್" ಎಂಬ ಅಕ್ಷರ ಹಾಕಿ ಇದನ್ನು ತಿಳಿಸುತ್ತಾರೆ, ಎಎಂಡಿಯ ಈ ಸಾಲಿನಲ್ಲಿ ಅಂಥ ಗುರುತಿಲ್ಲ. ಹೆಸರಿನ ಕೊನೆಯಲ್ಲಿ "ಜಿ" ಅಥವಾ "ಜಿಟಿ" ಇದ್ದರೆ ಮಾತ್ರ ಗ್ರಾಫಿಕ್ಸ್ ಇದೆ ಎಂದು ತಿಳಿಯಿರಿ. 5500 ಮತ್ತು 5500ಜಿಟಿ ಎರಡು ಬೇರೆ ಪ್ರೊಸೆಸರ್‌ಗಳು. ಬೋರ್ಡ್‌ನಲ್ಲಿ ಎಚ್‌ಡಿಎಂಐ ತೂತು ಇದ್ದೇ ಇರುತ್ತದೆ, ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಕೂರಿಸಿದಾಗ ಅದಕ್ಕೆ ಜೀವವಿರುವುದಿಲ್ಲ.

ಪರಿಚಯದವರ ಹತ್ತಿರ ಯಾವುದಾದರೂ ಹಳೆಯ ಗ್ರಾಫಿಕ್ಸ್ ಕಾರ್ಡ್ ಒಂದು ದಿನದ ಮಟ್ಟಿಗೆ ತಂದು ಹಾಕಿ, ಮಾನಿಟರ್ ತಂತಿಯನ್ನು ಕಾರ್ಡ್‌ಗೆ ಕೊಡಿ. ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಹೊಂದಿಸಿಕೊಳ್ಳಲು ಒಂದೆರಡು ನಿಮಿಷ ಬೇಕಾಗಬಹುದು, ಅಷ್ಟರೊಳಗೆ ಸ್ವಿಚ್ ಆರಿಸಬೇಡಿ. ಆಮೇಲೂ ಬರದಿದ್ದರೆ ಬೋರ್ಡ್ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ಪುಟ್ಟ ದೀಪಗಳಿವೆಯೇ ನೋಡಿ. ಡಿರ‍್ಯಾಮ್ ದೀಪ ನಿಂತರೆ ಒಂದೇ ಕಡ್ಡಿ ಇಟ್ಟು, ಅದನ್ನು ಎರಡೂ ಕಡೆ ಟಕ್ ಎನ್ನುವವರೆಗೆ ಒತ್ತಿ ನೋಡಿ. ಸಿಪಿಯು ದೀಪ ನಿಂತರೆ ಮೊದಲು ಬೋರ್ಡ್‌ನ ಮೇಲ್ತುದಿಯಲ್ಲಿರುವ 8 ಪಿನ್ ವಿದ್ಯುತ್ ತಂತಿ ಹಾಕಿದ್ದೀರಾ ನೋಡಿ. ಮರೆಯುವವರು ಬಹಳ. ಫ್ಯಾನ್ ತಿರುಗಲು ಅದು ಬೇಕಿಲ್ಲ, ಪ್ರೊಸೆಸರ್‌ಗೆ ಬೇಕು.

ಅದೂ ಸರಿಯಿದ್ದರೆ ಬಯಾಸ್ ಹಳೆಯದು. ಎ520 ಬೋರ್ಡ್ 5500ಕ್ಕಿಂತ ಮೊದಲೇ ಬಂದದ್ದು. ಗೋದಾಮಿನಲ್ಲಿ ಕೂತಿದ್ದ ಬೋರ್ಡ್‌ಗೆ ಈ ಪ್ರೊಸೆಸರ್ ಪರಿಚಯವಿರುವುದಿಲ್ಲ. ಬೋರ್ಡ್ ಕಂಪನಿಯ ಜಾಲತಾಣದಲ್ಲಿ ಪ್ರೊಸೆಸರ್ ಪಟ್ಟಿ ತೆರೆದರೆ 5500ರ ಎದುರು ಯಾವ ಬಯಾಸ್ ಆವೃತ್ತಿ ಬೇಕು ಎಂದು ಬರೆದಿರುತ್ತದೆ. ಬೋರ್ಡ್‌ನ ಹಿಂಭಾಗದಲ್ಲಿ ಬಯಾಸ್ ಫ್ಲ್ಯಾಶ್ ಬಟನ್ ಇದ್ದರೆ ನೀವೇ ಮಾಡಬಹುದು. ಪೆನ್‌ಡ್ರೈವನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಬಯಾಸ್ ಫೈಲ್‌ಗೆ ಕಂಪನಿ ಹೇಳಿದ ಹೆಸರನ್ನೇ ಇಟ್ಟು, ಗುರುತು ಹಾಕಿದ ಯುಎಸ್‌ಬಿ ಕಿಂಡಿಗೇ ಚುಚ್ಚಿ, ಬಟನ್ ಅನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿಯಿರಿ. ಮಿನುಗುವುದು ತಾನಾಗಿ ನಿಲ್ಲುವವರೆಗೆ ಕರೆಂಟ್ ಹೋಗಬಾರದು. ಹಾಗಾಗಿ ಈ ಕೆಲಸವನ್ನು ಯುಪಿಎಸ್ ಮೇಲೆ ಮಾಡಿ. ಬಟನ್ ಇಲ್ಲದಿದ್ದರೆ ಅಂಗಡಿಯವರು ಹಳೆಯ ರೈಜನ್ ಹಾಕಿ ಅಪ್‌ಡೇಟ್ ಮಾಡಿಕೊಡಬೇಕು. ಮಾರಿದವರೇ ಮಾಡಿಕೊಡಬೇಕಾದ ಕೆಲಸ ಅದು, ಬೇರೆ ಹಣ ಕೊಡಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕಂಪ್ಯೂಟರ್ ಶುರುವಾದ ಮೇಲೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಮಾಡುವುದನ್ನು ಬಿಡಬೇಡಿ. ಕೆಲವು ಬೋರ್ಡ್‌ಗಳಲ್ಲಿ ಇದನ್ನೇ ಡಿಒಸಿಪಿ ಎನ್ನುತ್ತಾರೆ. 3200ರ ರ‍್ಯಾಮ್ ಕೊಂಡು ಅದು 2400ರಲ್ಲೋ 2666ರಲ್ಲೋ ಓಡುತ್ತಿರುವುದು ಗೊತ್ತೇ ಆಗದೆ ವರ್ಷಗಟ್ಟಲೆ ಬಳಸುವವರಿದ್ದಾರೆ. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿದರೆ ವೇಗ ಅಲ್ಲೇ ಕಾಣುತ್ತದೆ.

ಪ್ರಶ್ನೆ: ರೈಜನ್ 5 4500 ಇನ್ನೂ ಅಗ್ಗಕ್ಕೆ ಸಿಗುತ್ತಿದೆ. ಅದೂ 6 ಕೋರ್, 12 ಥ್ರೆಡ್. ತೆಗೆದುಕೊಳ್ಳಬಹುದೇ?
— ಧಾರವಾಡದ ಓದುಗರು

ಉತ್ತರ: ಬೇಡ. ಕೋರ್ ಎಣಿಕೆ ಒಂದೇ ಆದರೂ ಅದು ಹಿಂದಿನ ಪೀಳಿಗೆಯ ಝೆನ್ 2 ಕೋರ್. ಎಲ್3 ಕ್ಯಾಶ್ 8 ಎಂಬಿ, ಅದೂ ನಾಲ್ಕು ನಾಲ್ಕು ಎಂಬಿಯ ಎರಡು ತುಂಡುಗಳಾಗಿ ಇದೆ. ಗೇಮ್‌ನಲ್ಲಿ 12100ಎಫ್ ಅದನ್ನು ಸುಲಭವಾಗಿ ಹಿಂದಿಕ್ಕುತ್ತದೆ.

ಪ್ರಶ್ನೆ: ನನ್ನಲ್ಲಿ ಬಿ450 ಬೋರ್ಡ್, ರೈಜನ್ 5 1600, 16 ಜಿಬಿ ಡಿಡಿಆರ್4 ಇದೆ. ವಿಂಡೋಸ್ 11 ಹಾಕಲು ಹೋದರೆ ಪ್ರೊಸೆಸರ್‌ಗೆ ಬೆಂಬಲವಿಲ್ಲ ಎನ್ನುತ್ತದೆ. ಎಲ್ಲ ಮಾರಿ ಐ3-12100ಎಫ್‌ಗೆ ಹೋಗಲೇ?
— ಮೈಸೂರಿನ ಓದುಗರು

ಉತ್ತರ: ಮಾರಬೇಡಿ. ಪ್ರೊಸೆಸರ್ ಒಂದನ್ನೇ ಬದಲಿಸಿ. ಮೊದಲ ಪೀಳಿಗೆಯ ರೈಜನ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು, ಹಾಗಾಗಿ ನಿಮ್ಮ ತೊಂದರೆ ನಿಜವಾದದ್ದೇ. ಆದರೆ ಇರುವ ಎಎಂ4 ಸಾಕೆಟ್‌ನಲ್ಲೇ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) 5500 ಅಥವಾ 5600 ಕೂರುತ್ತದೆ. ಬೋರ್ಡ್, ರ‍್ಯಾಮ್ ಎರಡೂ ಉಳಿಯುತ್ತವೆ. ಐ3ಗೆ ಹೋದರೆ ಬೋರ್ಡ್‌ನ ಹಣ ಹೆಚ್ಚುವರಿ, ಜೊತೆಗೆ ಎರಡು ಕೋರ್ ಕಡಿಮೆ. ಬಿ450ರಲ್ಲಿ ಕಾರ್ಡ್‌ನ ಸ್ಲಾಟ್ ಹೇಗೂ 3.0, ಆದ್ದರಿಂದ 5600ರ 4.0 ನಿಮಗೆ ದಕ್ಕುವುದಿಲ್ಲ. ಅದರ 32 ಎಂಬಿ ಕ್ಯಾಶ್ ಮಾತ್ರ ದಕ್ಕುತ್ತದೆ. ಗೇಮ್ ಆಡುವವರಾದರೆ ಅಷ್ಟಕ್ಕೇ 5600 ಲೇಸು. ಇಲ್ಲದಿದ್ದರೆ 5500 ಸಾಕು. ಸುಮ್ಮನೆ ಆನ್ ಆಗಿರುವಾಗ 5500, 5600ಕ್ಕಿಂತ ಕಡಿಮೆ ವಿದ್ಯುತ್ ತಿನ್ನುತ್ತದೆ ಕೂಡ. ಹತ್ತು ವಾಟ್ ವ್ಯತ್ಯಾಸ ಎಂದು ಹಿಡಿದರೂ ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನಕ್ಕೆ 24 ಯೂನಿಟ್.

ಬದಲಿಸುವ ಕೆಲಸದಲ್ಲಿ ಕ್ರಮ ತಪ್ಪಬಾರದು. ಮೊದಲು ಹಳೆಯ 1600 ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ. ಬೋರ್ಡ್‌ನಲ್ಲಿ ಬಯಾಸ್ ಫ್ಲ್ಯಾಶ್ ಬಟನ್ ಇಲ್ಲದಿದ್ದರೆ ತೆಗೆದಿಟ್ಟ ಮೇಲೆ ಮಾಡಲಾಗುವುದಿಲ್ಲ. ಕೆಲವು ಬಿ450 ಬೋರ್ಡ್‌ಗಳ ಬಯಾಸ್ ಚಿಪ್ 16 ಎಂಬಿಯದು, ಜಾಗ ಸಾಲದೆ ಹೊಸ ಆವೃತ್ತಿಗಳಲ್ಲಿ ಹಳೆಯ ಪ್ರೊಸೆಸರ್‌ಗಳನ್ನು ಕೈಬಿಟ್ಟಿರುತ್ತಾರೆ. ಹಾಗಾಗಿ ಅಪ್‌ಡೇಟ್ ಮಾಡುವ ದಿನ ಹೊಸ ಪ್ರೊಸೆಸರ್ ಕೈಯಲ್ಲೇ ಇರಲಿ.

ಎರಡನೆಯದು, ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕ್‌ಗೆ ಹಾಕುವ ಬೀಗ) ಆನ್ ಇದೆಯೇ ನೋಡಿ. ಇದ್ದರೆ ಅದನ್ನು ಆಫ್ ಮಾಡಿ, ಅಥವಾ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹೊಸ ಪ್ರೊಸೆಸರ್ ಹಾಕಿ ಆನ್ ಮಾಡಿದ ಕೂಡಲೇ ಎಫ್‌ಟಿಪಿಎಂ (ಆ ಬೀಗದ ಕೀ ಇಟ್ಟುಕೊಳ್ಳುವ ಭಾಗ) ರೀಸೆಟ್ ಮಾಡಲೇ ಎಂದು ಬೋರ್ಡ್ ಕೇಳುತ್ತದೆ. ಹೌದು ಎಂದು ಒತ್ತಿದರೆ ಹಳೆಯ ಕೀ ಅಳಿದುಹೋಗುತ್ತದೆ. ಬರೆದಿಟ್ಟ ಅಂಕಿ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವ ಫೋಟೊ, ದಾಖಲೆ ಯಾವುದೂ ತೆರೆಯುವುದಿಲ್ಲ.

ಮೂರನೆಯದು ಕೂಲರ್ ಬಿಚ್ಚುವುದು, ಎಎಂ4ರಲ್ಲಿ ಅತಿ ಹೆಚ್ಚು ಅನಾಹುತ ಆಗುವುದು ಇಲ್ಲೇ. ಈ ಪ್ರೊಸೆಸರ್‌ನ 1,331 ಪಿನ್‌ಗಳು ಪ್ರೊಸೆಸರ್‌ನ ಹೊಟ್ಟೆಯಲ್ಲೇ ಇರುತ್ತವೆ. ಬಿಸಿ ಸಾಗಿಸಲೆಂದು ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚಿದ ಹಳೆಯ ಪೇಸ್ಟ್ ಒಣಗಿ ಗೋಂದಿನ ಹಾಗೆ ಹಿಡಿದಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಕೊಂಡು ಕೂಲರ್ ಜೊತೆಗೇ ಬರುತ್ತದೆ, ಪಿನ್ ಬಾಗುತ್ತವೆ. ಅದಕ್ಕೇ ಹತ್ತು ಹದಿನೈದು ನಿಮಿಷ ಏನಾದರೂ ಭಾರದ ಕೆಲಸ ಓಡಿಸಿ ಪೇಸ್ಟ್ ಬಿಸಿಯಾಗಲು ಬಿಡಿ. ಆಮೇಲೆ ಆರಿಸಿ, ತಂತಿ ಕಿತ್ತು, ಸ್ಕ್ರೂ ಅಥವಾ ಕ್ಲಿಪ್ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಬಿಗಿ ಸಡಿಲಿ ಜಾರಿದ್ದು ಕೈಗೆ ತಿಳಿಯುತ್ತದೆ, ಆಗ ಎತ್ತಿ. ಒಂದೆರಡು ಪಿನ್ ಬಾಗಿದರೆ ಎದೆಗೆಡಬೇಡಿ. 0.7 ಮಿಲಿಮೀಟರ್ ಮೆಕ್ಯಾನಿಕಲ್ ಪೆನ್ಸಿಲ್‌ನಿಂದ ಸೀಸ ತೆಗೆದು, ಆ ಕೊಳವೆಯನ್ನು ಪಿನ್ ಮೇಲೆ ತೊಡಿಸಿ ಸಾಲಿಗೆ ತನ್ನಿ. ಒಂದೇ ಸಲಕ್ಕೆ ನೇರ ಮಾಡಲು ಹೋದರೆ ಮುರಿಯುತ್ತದೆ, ಎರಡು ಮೂರು ಸಲಕ್ಕೆ ಮಾಡಿ. ಹೊಸದನ್ನು ಕೂರಿಸುವಾಗ ಮೂಲೆಯ ಚಿನ್ನದ ಬಣ್ಣದ ತ್ರಿಕೋನ ಸಾಕೆಟ್‌ನ ತ್ರಿಕೋನಕ್ಕೆ ಸರಿಹೊಂದಲಿ. ತನ್ನ ಭಾರಕ್ಕೆ ತಾನೇ ಇಳಿಯಬೇಕು, ಬೆರಳಿನಿಂದ ಒತ್ತಬಾರದು.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮಲ್ಲಿ ಫ್ಯಾನ್ ಇದ್ದರೂ ಕೋಣೆ 38 ಡಿಗ್ರಿ ಇರುತ್ತದೆ. 12100ಎಫ್ ಜೊತೆ ಬರುವ ಕೂಲರ್ ಸಾಕೇ, ಬೇರೆ ಕೊಳ್ಳಬೇಕೇ?
— ಕಲಬುರಗಿಯ ಓದುಗರು

ಉತ್ತರ: ಸಾಕು. ಈ ಐ3ಗೆ ಇಂಟೆಲ್ ಹೇಳುವ ಮೂಲ ವಿದ್ಯುತ್ 58 ವಾಟ್, ಗರಿಷ್ಠ 89. ನಿಜ ಬಳಕೆಯಲ್ಲಿ 89 ಮುಟ್ಟುವುದು ಅಪರೂಪ. ಕೋಣೆ ಎಷ್ಟು ಡಿಗ್ರಿ ಏರುತ್ತದೋ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಏರುತ್ತದೆ. ಇಪ್ಪತ್ತೈದು ಡಿಗ್ರಿಯ ಕೋಣೆಯಲ್ಲಿ 70 ತೋರಿಸಿದರೆ ನಿಮ್ಮಲ್ಲಿ 83 ತೋರಿಸುತ್ತದೆ. ಇದರ ಮಿತಿ 100, ಅಲ್ಲಿಗೆ ಮುಟ್ಟಿದಾಗ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ.

ಆದರೆ ಹೊಸ ಕಂಪ್ಯೂಟರ್‌ನಲ್ಲೇ ಎರಡು ನಿಮಿಷದಲ್ಲಿ 95 ದಾಟಿದರೆ ಬಿಸಿಲನ್ನು ದೂರಬೇಡಿ. ಇಂಟೆಲ್ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಪೂರ್ತಿ ಕೂತಿರುವುದಿಲ್ಲ. ಬೋರ್ಡ್ ಹಿಂದಿನಿಂದ ನೋಡಿದರೆ ನಾಲ್ಕೂ ಕಾಲುಗಳ ಬಿಳಿ ತುದಿ ಅರಳಿ, ನಡುವೆ ಕಪ್ಪು ಕಡ್ಡಿ ಪೂರ್ತಿ ಇಳಿದಿರಬೇಕು. ಒಂದರಲ್ಲಿ ಕಪ್ಪು ಕಾಣದಿದ್ದರೆ ಅದೇ ಕಳ್ಳ. ಕೂರಿಸುವಾಗ ಒಂದು ಕಾಲು, ಅದರ ಎದುರು ಮೂಲೆಯದು, ಆಮೇಲೆ ಉಳಿದೆರಡು ಎಂಬ ಕ್ರಮದಲ್ಲಿ ಒತ್ತಿ, ಪ್ರತಿಯೊಂದೂ ಟಕ್ ಎನ್ನಬೇಕು. ಒಮ್ಮೆ ಬಿಚ್ಚಿದರೆ ತಳದ ಪೇಸ್ಟ್ ಮತ್ತೆ ಬಳಸುವ ಹಾಗಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಎರಡೂ ಕಡೆ ಒರೆಸಿ, ಕಡಲೆಕಾಳಿಗಿಂತ ಚಿಕ್ಕ ಹನಿ ಹೊಸ ಪೇಸ್ಟ್ ನಡುವೆ ಇಡಿ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ಜಿಡ್ಡಿರುತ್ತದೆ, ಅದರಿಂದ ಒರೆಸಬೇಡಿ.

ಕೂಲರ್‌ಗೆ ಹಾಕಬೇಕೆಂದಿರುವ ಹಣವನ್ನು ಕ್ಯಾಬಿನೆಟ್‌ಗೆ ಹಾಕಿ. ಮುಂಭಾಗ ಗಾಜಿನದಾಗಿರದೆ ಜಾಲರಿಯದಾಗಿರಲಿ, ಮುಂದೆ ಗಾಳಿ ಎಳೆಯುವ ಒಂದು 120 ಮಿಲಿಮೀಟರ್ ಫ್ಯಾನ್, ಹಿಂದೆ ಹೊರಹಾಕುವ ಒಂದು ಇರಲಿ. ಮೂರು ತಿಂಗಳಿಗೊಮ್ಮೆ ಬ್ಲೋವರ್‌ನಿಂದ ದೂಳು ತೆಗೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬ್ಲೋವರ್ ಗಾಳಿಗೆ ಅತಿವೇಗದಲ್ಲಿ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ.

ಪ್ರಶ್ನೆ: ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಟ್ರೇ ಪೀಸ್ 5500 ಒಂದೂವರೆ ಸಾವಿರ ಕಡಿಮೆಗೆ ಸಿಗುತ್ತದೆ ಎಂದು ಗೆಳೆಯ ಹೇಳುತ್ತಾನೆ. ನಂಬಬಹುದೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಟ್ರೇ ಪೀಸ್ ಅಂದರೆ ನಕಲಿ ಎಂದಲ್ಲ. ಕಂಪ್ಯೂಟರ್ ತಯಾರಿಸುವವರಿಗೆ ಡಬ್ಬಿಯಿಲ್ಲದೆ ಟ್ರೇಗಟ್ಟಲೆ ಮಾರುವ ಸರಕು ಅದು. ಆದರೆ ಡಬ್ಬಿ ಪೀಸ್‌ಗೆ ಕಂಪನಿಯೇ ಕೊಡುವ 3 ವರ್ಷದ ವಾರಂಟಿ ಇದಕ್ಕೆ ಇರುವುದಿಲ್ಲ, ಅಂಗಡಿಯವರು ಎಷ್ಟು ಬರೆದುಕೊಡುತ್ತಾರೋ ಅಷ್ಟೇ. ಕೂಲರ್ ಕೂಡ ಬರುವುದಿಲ್ಲ. ಡಬ್ಬಿಯ 5500 ಜೊತೆ ರೇತ್ ಸ್ಟೆಲ್ತ್ ಕೂಲರ್ ಇರುತ್ತದೆ, ಟ್ರೇ ಪೀಸ್‌ಗೆ ಅದನ್ನು ಬೇರೆ ಕೊಳ್ಳಬೇಕು. ಅದರ ಹಣ ಕಳೆದರೆ ಉಳಿತಾಯ ಎಷ್ಟು ಉಳಿಯಿತು ನೋಡಿ. ಏಳೆಂಟು ನೂರು ರೂಪಾಯಿಗೆ ಮೂರು ವರ್ಷದ ವಾರಂಟಿ ಬಿಟ್ಟುಕೊಡಬೇಡಿ ಎನ್ನುತ್ತೇವೆ.

ಆದರೂ ಕೊಳ್ಳುವುದಾದರೆ ಪ್ರೊಸೆಸರನ್ನು ತಿರುಗಿಸಿ ಪಿನ್ ಸಾಲನ್ನು ಓರೆಯಾಗಿ, ಬೆಳಕಿಗೆ ಹಿಡಿದು ನೋಡಿ. ನಾಲ್ಕೂ ಕಡೆಯಿಂದ ಗೆರೆ ನೇರವಾಗಿ ಕಾಣಬೇಕು. ನೆತ್ತಿಯ ಲೋಹದ ಮೇಲೆ ಪೇಸ್ಟ್ ಒರೆಸಿದ ಗುರುತು ಇದ್ದರೆ ಅದು ಟ್ರೇ ಪೀಸ್ ಅಲ್ಲ, ಬಳಸಿದ್ದು. ದರವೂ ಬಳಸಿದ್ದರ ದರವೇ ಆಗಬೇಕು. ಲೋಹದ ಮೇಲೆ ಕೆತ್ತಿರುವ ಮಾದರಿ ಹೆಸರು ಮತ್ತು ಸೀರಿಯಲ್ ಸಂಖ್ಯೆಯನ್ನು ಜಿಎಸ್‌ಟಿ ಬಿಲ್ ಮೇಲೆ ಬರೆಸಿಕೊಳ್ಳಿ, ವಾರಂಟಿ ಎಷ್ಟು ದಿನ ಎಂಬುದನ್ನೂ ಅಲ್ಲೇ ಬರೆಸಿ. ಅದೇ ಅಂಗಡಿಯ ಬೋರ್ಡ್‌ನಲ್ಲಿ ಹಾಕಿ, ಬಯಾಸ್ ತೆರೆಸಿ, ಹೆಸರು ಮತ್ತು ಎರಡೂ ರ‍್ಯಾಮ್ ಕಡ್ಡಿ ಕಾಣುತ್ತವೆಯೇ ನೋಡಿಕೊಂಡೇ ಹೊರಡಿ. ಒಂದು ಕಡ್ಡಿ ಮಾತ್ರ ಕಂಡರೆ ಬಾಗಿದ ಅಥವಾ ಮುರಿದ ಪಿನ್ ಇರಬಹುದು ಎಂದು ಅನುಮಾನಿಸಿ. ಮೆಮೊರಿಯ ಒಂದು ಚಾನೆಲ್‌ಗೆ ಹೋಗುವ ಪಿನ್ ಹೋಗಿದ್ದರೂ ಕಂಪ್ಯೂಟರ್ ಆನ್ ಆಗುತ್ತದೆ, ಅರ್ಧ ರ‍್ಯಾಮ್ ಮಾತ್ರ ಕಾಣೆ.

ಪ್ರಶ್ನೆ: ಈಗ ಐ3-12100ಎಫ್ ಹಾಕಿ, ಎರಡು ವರ್ಷದ ನಂತರ ಅದೇ ಬೋರ್ಡ್‌ಗೆ ದೊಡ್ಡ ಪ್ರೊಸೆಸರ್ ಹಾಕಬಹುದೇ?
— ತುಮಕೂರಿನ ಓದುಗರು

ಉತ್ತರ: ಹಾಕಬಹುದು. ಎಲ್‌ಜಿಎ 1700 ಸಾಕೆಟ್‌ಗೆ 12, 13, 14ನೇ ಪೀಳಿಗೆಗಳು ಕೂರುತ್ತವೆ. ಅಲ್ಲಿಗೆ ಆ ಸಾಕೆಟ್ ಮುಗಿಯಿತು. ಎಚ್610 ಬೋರ್ಡ್ ಇದ್ದರೆ ಐ5-12400ಎಫ್ ಅಥವಾ 13400ಎಫ್‌ಗೆ ನಿಲ್ಲಿಸಿ. ಅದರ ವಿದ್ಯುತ್ ಭಾಗ ಐ7, ಐ9ಗಳ ಭಾರ ತಡೆಯುವಷ್ಟು ಗಟ್ಟಿಯಿರುವುದಿಲ್ಲ, ಬಿಸಿಯಾಗಿ ವೇಗ ಇಳಿಸಿಬಿಡುತ್ತದೆ. 13 ಅಥವಾ 14ನೇ ಪೀಳಿಗೆಯದನ್ನು ಹಾಕುವ ಮೊದಲು, ಐ3 ಇರುವಾಗಲೇ, ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಿ.

ಆ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ಕೊಳ್ಳುವ ಯೋಚನೆ ಇದ್ದರೆ 13, 14ನೇ ಪೀಳಿಗೆಯ ಐ7, ಐ9 ಮತ್ತು "ಕೆ" ಮಾದರಿಗಳಲ್ಲಿ ಎಚ್ಚರವಿರಲಿ. ಹೆಚ್ಚಿನ ವೋಲ್ಟೇಜ್‌ನಿಂದ ಕಾಲಕ್ರಮೇಣ ಪ್ರೊಸೆಸರ್ ಅಸ್ಥಿರವಾಗುವ ದೋಷ ಅವುಗಳಲ್ಲಿ ಕಂಡುಬಂದು, ಇಂಟೆಲ್ 2024ರಲ್ಲಿ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳ ಸೂಚನೆಗಳು) ಮೂಲಕ ಪರಿಹಾರ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಹಾಳಾದ ಚಿಪ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ. ನಿಮ್ಮ 12100ಎಫ್‌ಗೆ ಈ ದೋಷ ತಟ್ಟುವುದಿಲ್ಲ.